ಸಿಕ್ಕಿದ್ದು ತೆಗೆಯುವಾಗ, ತೊಳೆಯುವಾಗ: ಆಲೆಮನೆ, ಮಿಲ್ಲು, ಕಾರ್ಖಾನೆಗಳಲ್ಲಿ ಯಂತ್ರದ ಗಾಯಗಳು

ಯಂತ್ರಗಳಿಂದಾಗುವ ಗಾಯಗಳಲ್ಲಿ ಎಷ್ಟೋ ಗಾಯಗಳು ಯಂತ್ರ ತನ್ನ ಮಾಮೂಲಿ ಕೆಲಸದಲ್ಲಿರುವಾಗ ಆಗುವುದಿಲ್ಲ. ಅದನ್ನು ತೊಳೆಯುವಾಗ, ಸಿಕ್ಕಿಕೊಂಡದ್ದನ್ನು ಕೀಳುವಾಗ, ಗ್ರೀಸ್ ಹಾಕುವಾಗ, ಜಾರಿದ ಬೆಲ್ಟ್ ಏರಿಸುವಾಗ, ಸವೆದ ಬೇರಿಂಗ್ ಬದಲಿಸುವಾಗ ಆಗುತ್ತವೆ. ಐರೋಪ್ಯ ಒಕ್ಕೂಟದ ಕಾರ್ಯಸ್ಥಳ ಸುರಕ್ಷತಾ ಸಂಸ್ಥೆ 2010–11ರಲ್ಲಿ ಸುರಕ್ಷಿತ ನಿರ್ವಹಣೆಯ ಬಗ್ಗೆ ಆಂದೋಲನ ನಡೆಸಿದಾಗ ಒಂದು ಅಂದಾಜನ್ನು ಮುಂದಿಟ್ಟಿತ್ತು. ಅದರಂತೆ ಕೆಲಸದ ಸ್ಥಳದ ಒಟ್ಟು ಅಪಘಾತಗಳಲ್ಲಿ ಶೇ. 15ರಿಂದ 20, ಜೀವ ಹೋಗುವ ಅಪಘಾತಗಳಲ್ಲಿ ಶೇ. 10ರಿಂದ 15 ನಿರ್ವಹಣೆಯ ಕೆಲಸಕ್ಕೆ ಸೇರಿದವು. ದುರಸ್ತಿ ಮತ್ತು ಶುಚಿತ್ವಕ್ಕೆ ದಿನದಲ್ಲಿ ಹೋಗುವ ಹೊತ್ತು ಎಷ್ಟು ಕಡಿಮೆ ಎಂಬುದನ್ನು ನೆನೆದರೆ ಈ ಪಾಲು ದೊಡ್ಡದೇ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಓಡುವ ಯಂತ್ರದ ಮುಂದೆ ಕೈ ಎಲ್ಲಿರಬೇಕು ಎಂಬುದು ಅಭ್ಯಾಸದಿಂದ ಬಂದಿರುತ್ತದೆ. ಏನಾದರೂ ಸಿಕ್ಕಿಕೊಂಡಾಗ ಅದೇ ಕೈ ಎಂದೂ ಹೋಗದ ಜಾಗಕ್ಕೆ ಹೋಗುತ್ತದೆ. ಅಲ್ಲಿಗೆ ತಲುಪಲು ಮುಚ್ಚಳ ಬಿಚ್ಚಬೇಕಾಗುತ್ತದೆ, ಅಂದರೆ ರಕ್ಷಣೆಗೆಂದು ಇದ್ದದ್ದನ್ನೇ ಮೊದಲು ತೆಗೆಯಬೇಕಾಗುತ್ತದೆ. ಕೆಲಸ ನಿಂತಿದೆ, ಹಿಂದೆ ಗಾಡಿ ಕಾದಿದೆ ಎಂಬ ಅವಸರವೂ ಸೇರಿಕೊಳ್ಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಕೈ ಒಬ್ಬನದು, ಸ್ವಿಚ್ಚು ಇನ್ನೊಬ್ಬನದು ಆಗಿರುವುದು. ಈ ಬಗೆಯ ಅಪಘಾತಗಳ ತಿರುಳು ಇದೇ. ಒಳಗೆ ಕೈಯಿಟ್ಟವನಿಗೆ ಯಂತ್ರದ ಮೇಲೆ ಹಿಡಿತವಿಲ್ಲ, ಹಿಡಿತವಿರುವವನಿಗೆ ಆ ಕೈ ಕಾಣುವುದಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಬೆಳೆಗಳ ಜೊತೆಗೇ ಬೆಳೆದು ಬಂದಿದೆ. 1930ರ ದಶಕದ ಆರಂಭದಲ್ಲಿ ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿದು ಬಂದ ಮೇಲೆ ಇಲ್ಲಿ ಕಬ್ಬು ಮತ್ತು ಭತ್ತ ನೆಲೆಯೂರಿದವು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮುಂದೆ ಕೆ.ಎಂ. ದೊಡ್ಡಿ, ಕೊಪ್ಪಗಳಲ್ಲಿ ಖಾಸಗಿ ಕಾರ್ಖಾನೆಗಳು ಬಂದವು. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗಳಲ್ಲಿ ಬೆಲ್ಲವಾಯಿತು; ಕೇಂದ್ರ ಸರ್ಕಾರದ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಪಟ್ಟಿಯಲ್ಲಿ ಮಂಡ್ಯದ ಹೆಸರಿನ ಮುಂದಿರುವುದು ಬೆಲ್ಲವೇ. ಮಳವಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕಿರುಗಾವಲಿನಂಥ ಊರಿನ ಸುತ್ತ ಇಂದು ಗಾಣ, ಅಕ್ಕಿ ಮಿಲ್ಲು, ಹಿಟ್ಟಿನ ಮಿಲ್ಲು, ಮೇವು ಕತ್ತರಿಸುವ ಯಂತ್ರ, ಟಿಲ್ಲರ್, ರೋಟವೇಟರ್, ಕೊಯ್ಲಿನ ಯಂತ್ರ ಎಲ್ಲವೂ ಇವೆ. ಇವುಗಳಲ್ಲಿ ಬಹುಪಾಲು ನಾಲ್ಕೈದು ಜನರ ಕೈಯಲ್ಲಿ ನಡೆಯುವಂಥವು. ಸುರಕ್ಷತಾ ಅಧಿಕಾರಿ, ತರಬೇತಿ, ಕೆಲಸಕ್ಕೆ ಮುನ್ನ ಬರೆದು ಕೊಡುವ ಪರವಾನಗಿ ಇವೆಲ್ಲ ದೊಡ್ಡ ಕಾರ್ಖಾನೆಯ ಗೇಟಿನ ಒಳಗೇ ಉಳಿಯುತ್ತವೆ.

ಆಲೆಮನೆಯ ಗಾಣದಲ್ಲಿ ಅಪಾಯ ಎರಡು ರೋಲರುಗಳು ಒಳಮುಖವಾಗಿ ತಿರುಗಿ ಕೂಡುವ ಸಂದಿನಲ್ಲಿದೆ. ಎತ್ತಿನ ಗಾಣದ ಕಾಲದಲ್ಲೂ ಈ ಸಂದು ಇತ್ತು, ಆದರೆ ಎತ್ತು ನಿಧಾನವಾಗಿ ನಡೆಯುತ್ತಿತ್ತು, ಕೂಗಿದರೆ ನಿಲ್ಲುತ್ತಿತ್ತು. ಮೋಟರು ನಿಲ್ಲುವುದಿಲ್ಲ. ಒಂದು ಲೆಕ್ಕ ಹಾಕಿ ನೋಡಬಹುದು. 25 ಸೆಂಟಿಮೀಟರ್ ಅಡ್ಡಳತೆಯ ರೋಲರು ನಿಮಿಷಕ್ಕೆ ಕೇವಲ 15 ಸುತ್ತು ತಿರುಗಿದರೂ ಅದರ ಮೇಲ್ಮೈ ಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಒಳಗೆ ಸಾಗುತ್ತದೆ. ಬೆರಳ ತುದಿಯಿಂದ ಮಣಿಕಟ್ಟಿಗೂ ಹೆಚ್ಚುಕಮ್ಮಿ ಅಷ್ಟೇ ದೂರ. ಬೆರಳು ಕಚ್ಚಿಕೊಂಡದ್ದು ಮನಸ್ಸಿಗೆ ತಿಳಿದು, ಬಾಯಿಂದ ಕೂಗು ಹೊರಟು, ಸ್ವಿಚ್ಚಿನ ಬಳಿಯವನು ಓಡಿ ಬರುವ ಹೊತ್ತಿಗೆ ತೋಳು ಒಳಗೆ ಹೋಗಿರುತ್ತದೆ. ನಿಧಾನವಾಗಿ ತಿರುಗುವ ಯಂತ್ರ ಸುರಕ್ಷಿತ ಎಂಬ ನಂಬಿಕೆ ಗಾಣದ ಮಟ್ಟಿಗೆ ಪೂರ್ತಿ ತಪ್ಪು. ಆ ನಿಧಾನವೇ ಜನರನ್ನು ಹತ್ತಿರಕ್ಕೆ ಕರೆಯುತ್ತದೆ.

ಗಾಣಕ್ಕೆ ಕೈಹಾಕುವ ಸಂದರ್ಭಗಳು ಹಲವು. ಕಬ್ಬು ಅಡ್ಡ ಸಿಕ್ಕಿ ನಿಲ್ಲುತ್ತದೆ. ಸಿಪ್ಪೆ ರೋಲರಿಗೆ ಸುತ್ತಿಕೊಳ್ಳುತ್ತದೆ. ಕಬ್ಬಿನ ಹಾಲು ತೊಟ್ಟಿಗೆ ಇಳಿಯುವ ಜಾಗದಲ್ಲಿ ಪುಡಿ ಕಟ್ಟಿಕೊಳ್ಳುತ್ತದೆ. ಇನ್ನು ಪ್ರತಿದಿನದ ತೊಳೆತ ತಪ್ಪುವಂತಿಲ್ಲ, ಏಕೆಂದರೆ ಕಬ್ಬಿನ ಹಾಲು ಬೇಗ ಹುಳಿಯುತ್ತದೆ, ಹುಳಿತ ಹಾಲು ಬೆಲ್ಲವನ್ನು ಕೆಡಿಸುತ್ತದೆ. ತೊಳೆಯುವವರು ರೋಲರಿನ ಎಲ್ಲ ಮೈಯೂ ಎದುರಿಗೆ ಬರಲಿ ಎಂದು ಗಾಣವನ್ನು ಓಡಲು ಬಿಟ್ಟೇ ನೀರು ಎರಚಿ ಬಟ್ಟೆಯಲ್ಲಿ ಒರೆಸುತ್ತಾರೆ. ಬಟ್ಟೆಯ ಅಂಚನ್ನು ಸಂದು ಹಿಡಿಯುತ್ತದೆ, ಬಟ್ಟೆಯ ಹಿಂದೆ ಕೈ ಹೋಗುತ್ತದೆ. ರೋಲರುಗಳು ಕೂಡುವ ಕಡೆಯನ್ನು ಬಿಟ್ಟು ಬೇರೆಯಾಗುವ ಕಡೆಯಿಂದ, ಉದ್ದ ಹಿಡಿಯ ಬ್ರಷ್ಷಿನಿಂದ ತೊಳೆದರೆ ಬಟ್ಟೆ ಸಿಕ್ಕುವ ಸಂಭವ ಕಡಿಮೆ. ಗಾಣವನ್ನು ನಿಲ್ಲಿಸಿ, ಸ್ವಲ್ಪ ಸ್ವಲ್ಪವೇ ಕೈಯಿಂದ ತಿರುಗಿಸಿಕೊಂಡು ತೊಳೆಯುವುದು ಅದಕ್ಕಿಂತ ಒಳ್ಳೆಯದು. ಕೊಡುವ ಬಾಯಿಗೆ ಉದ್ದನೆಯ ತಗಡಿನ ಜಾರುಬಾಯಿ ಕೂರಿಸಿದರೆ ಕೈ ಸಂದಿಗೆ ಮುಟ್ಟುವುದೇ ಇಲ್ಲ. ಒಕ್ಕಣೆ ಯಂತ್ರಗಳಿಗೆ ಭಾರತೀಯ ಮಾನಕ ಬ್ಯೂರೋ ಹಾಕಿರುವ ನಿಯಮದ ತತ್ವವೂ ಇದೇ: ಕೊಡುವ ಬಾಯಿ 90 ಸೆಂಟಿಮೀಟರ್ ಉದ್ದವಿರಬೇಕು, ಅದರಲ್ಲಿ 45 ಸೆಂಟಿಮೀಟರ್ ಮೇಲಿನಿಂದ ಮುಚ್ಚಿರಬೇಕು. ಕೈಯಳತೆಗಿಂತ ದೂರದಲ್ಲಿ ಅಪಾಯವನ್ನು ಇಡುವುದಕ್ಕಿಂತ ಸರಳವಾದ, ಅಗ್ಗವಾದ ರಕ್ಷಣೆ ಇನ್ನೊಂದಿಲ್ಲ.

ಹಳ್ಳಿಯ ಯಂತ್ರಗಳಿಗೆ ಪಟ್ಟಣದ ಪುಸ್ತಕಗಳಲ್ಲಿ ಹೆಚ್ಚು ಕಾಣದ ಇನ್ನೊಂದು ಅಪಾಯವಿದೆ. ಅದು ಬಂದು ಹೋಗುವ ಕರೆಂಟು. ಮೂರು ಫೇಸ್ ವಿದ್ಯುತ್ತು ಪಂಪ್‌ಸೆಟ್ಟಿನ ಲೈನುಗಳಿಗೆ ದಿನದ ಕೆಲವು ಗಂಟೆ ಮಾತ್ರ ಬರುತ್ತದೆ, ಅದೂ ಒಮ್ಮೊಮ್ಮೆ ರಾತ್ರಿಯಲ್ಲಿ. ಮೋಟರಿನ ಸ್ಟಾರ್ಟರಿನೊಳಗೆ ನೋ-ವೋಲ್ಟ್ ಕಾಯಿಲ್ ಎಂಬ ಭಾಗವಿದೆ. ಕರೆಂಟು ಹೋದ ಕೂಡಲೇ ಅದು ಹಿಡಿತ ಬಿಟ್ಟು ಮೋಟರನ್ನು ಬೇರ್ಪಡಿಸುತ್ತದೆ. ಕರೆಂಟು ಮತ್ತೆ ಬಂದರೂ ಯಾರಾದರೂ ಹಸಿರು ಗುಂಡಿ ಒತ್ತುವವರೆಗೆ ಮೋಟರು ತಿರುಗುವುದಿಲ್ಲ. ಮನುಷ್ಯನ ಕೈ ಕಾಯುವುದಕ್ಕೆ ಇದಕ್ಕಿಂತ ನಂಬಿಕಸ್ಥ ಸಾಧನ ಆ ಪೆಟ್ಟಿಗೆಯಲ್ಲಿ ಬೇರೆ ಇಲ್ಲ. ಆದರೆ ತೋಟಕ್ಕೆ ನೀರು ಬಿಡುವ ರೈತ ನಡುರಾತ್ರಿ ಎದ್ದು ಹೋಗಲಾರದೆ ಆಟೋ ಸ್ಟಾರ್ಟರ್ ಹಾಕಿಸುತ್ತಾನೆ. ಕರೆಂಟು ಬಂದ ತಕ್ಷಣ ಪಂಪು ತಾನಾಗಿಯೇ ಹೊರಡುತ್ತದೆ. ಪಂಪಿಗೆ ಅದು ಅನುಕೂಲ. ಅದೇ ಏರ್ಪಾಡು ಗಾಣಕ್ಕೋ, ಮೇವು ಕತ್ತರಿಸುವ ಯಂತ್ರಕ್ಕೋ ಬಂತೆಂದರೆ, ಅಥವಾ ಆಗಾಗ ಟ್ರಿಪ್ ಆಗುತ್ತದೆಂದು ಕಾಯಿಲನ್ನು ಕಟ್ಟಿಹಾಕಿದರೆ, ಕರೆಂಟು ಹೋದ ಹೊತ್ತು ನೋಡಿ ಸಿಪ್ಪೆ ಕೀಳಲು ಕೈ ಹಾಕಿದವನ ಗತಿ ಹೇಳಬೇಕಿಲ್ಲ. ಕರೆಂಟು ಹೋಗಿದೆ ಎನ್ನುವುದನ್ನು ಯಂತ್ರ ನಿಂತಿದೆ ಎಂದು ತಿಳಿಯುವ ಈ ತಪ್ಪಿಗೆ ಕೂಲಿಯವರನ್ನು ದೂರಿ ಫಲವಿಲ್ಲ. ಮೇನ್ ಸ್ವಿಚ್ ಕೆಳಗಿಳಿಸದೆ ಯಂತ್ರ ಮುಟ್ಟಕೂಡದು ಎಂದು ಅವರಿಗೆ ಹೇಳಿಕೊಟ್ಟವರೇ ಇರುವುದಿಲ್ಲ.

ಅಕ್ಕಿ ಮಿಲ್ಲಿನಲ್ಲಿ ಚಿತ್ರ ಸ್ವಲ್ಪ ಬೇರೆ. ಅಲ್ಲಿ ಕಣ್ಣಿಗೆ ಕಾಣುವ ರೋಲರಿಗಿಂತ ಮುಚ್ಚಿದ ಕೊಳವೆಗಳೇ ಹೆಚ್ಚು. ಭತ್ತವನ್ನು ಮೇಲಕ್ಕೆತ್ತುವ ಎಲಿವೇಟರಿನ ಬುಡ ನೆಲದ ಗುಂಡಿಯಲ್ಲಿರುತ್ತದೆ; ಹೊಟ್ಟು, ಹುಲ್ಲು, ಗೋಣಿಯ ದಾರ ಸೇರಿ ಕಟ್ಟಿಕೊಳ್ಳುವುದು ಅಲ್ಲೇ. ಮೋಟರು ಆಫ್ ಮಾಡಿದ ಮೇಲೂ ಒಂದು ಬದಿಯ ಬಕೆಟ್ಟುಗಳಲ್ಲಿ ಭತ್ತ ತುಂಬಿಯೇ ಇರುತ್ತದೆ, ಇನ್ನೊಂದು ಬದಿ ಖಾಲಿ. ಬುಡದ ಕಟ್ಟನ್ನು ಬಿಡಿಸಿದ ಕ್ಷಣ ಆ ಭಾರಕ್ಕೆ ಪಟ್ಟಿ ಹಿಂದಕ್ಕೆ ಉರುಳಿ ಬೆರಳು ಹಿಡಿಯಬಹುದು. ಕರೆಂಟಿಲ್ಲದೆಯೂ ಯಂತ್ರ ಚಲಿಸುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಸ್ಪ್ರಿಂಗಿನ ಬಿಗಿತ, ಎತ್ತಿ ನಿಲ್ಲಿಸಿದ ಭಾರ, ಹೈಡ್ರಾಲಿಕ್ ಒತ್ತಡ, ಕಂಪ್ರೆಸರಿನ ಗಾಳಿ, ಆವಿ, ಇನ್ನೂ ಸುತ್ತುತ್ತಿರುವ ಭಾರೀ ಚಕ್ರದ ಓಟ ಎಲ್ಲವೂ ಸ್ವಿಚ್ಚಿಗೆ ಜಗ್ಗದ ಶಕ್ತಿಗಳು.

ಸಣ್ಣ ಹಲ್ಲರ್ ಮಿಲ್ಲುಗಳಲ್ಲಿ ಶುಚಿ ಮಾಡುವ ಕೆಲಸ ಇನ್ನೂ ಪದೇಪದೇ ಬರುತ್ತದೆ. ಕಿರುಗಾವಲಿನಲ್ಲಿ ಸೈಯದ್ ಗನಿ ಖಾನ್ ನೂರಾರು ದೇಸಿ ಭತ್ತದ ತಳಿಗಳನ್ನು ಉಳಿಸಿ ಬೆಳೆಸಿರುವುದು ನಾಡಿಗೇ ಗೊತ್ತಿರುವ ಸಂಗತಿ. ಇಂಥ ತಳಿಗಳ ಅಕ್ಕಿಯನ್ನು ಬೇರೆ ಬೇರೆಯಾಗಿ ಮಾಡಿಸಬೇಕೆಂದರೆ ಒಂದರ ಕಾಳು ಇನ್ನೊಂದಕ್ಕೆ ಬೆರೆಯದಂತೆ ಪ್ರತಿ ಸಲವೂ ಹಲ್ಲರನ್ನು ಖಾಲಿ ಮಾಡಿ ಗುಡಿಸಬೇಕು. ತಳಿಯ ಶುದ್ಧತೆ ಕೇಳುವವರು ಆ ಗುಡಿಸುವ ಕೈಗೆ ಬೇಕಾದ ಎರಡು ನಿಮಿಷದ ಬಿಡುವನ್ನೂ ಕೊಡಬೇಕಾಗುತ್ತದೆ. ಹಿಟ್ಟಿನ ಮಿಲ್ಲುಗಳದ್ದು ಬೆಲ್ಟಿನ ಅಪಾಯ: ಮುಚ್ಚಳವಿಲ್ಲದ ಪುಲ್ಲಿಗೆ ಸೀರೆಯ ಸೆರಗು, ಜಡೆ, ಹೆಗಲ ಟವೆಲು ಸಿಕ್ಕುತ್ತವೆ. ಮಿಲ್ಲಿನ ಜಾಗ ಇಕ್ಕಟ್ಟು, ರಾಗಿ ಹಾಕಿಸಲು ಬಂದ ಹೆಂಗಸರು ನಿಲ್ಲುವುದೂ ಬೆಲ್ಟಿನ ಪಕ್ಕದಲ್ಲೇ.

ಹೊಲದ ಯಂತ್ರಗಳಲ್ಲಿ ರೋಟವೇಟರಿನ ಬ್ಲೇಡಿಗೆ ಸುತ್ತಿಕೊಂಡ ಹುಲ್ಲು ಬಿಡಿಸುವುದು, ಕೊಯ್ಲಿನ ಯಂತ್ರದ ಬಾಯಲ್ಲಿ ಸಿಕ್ಕಿದ ತೆನೆ ಎಳೆಯುವುದು, ಮೇವಿನ ಯಂತ್ರದ ಕತ್ತಿಯ ಬಳಿ ನಿಂತ ಜೋಳದ ದಂಟನ್ನು ಕೈಯಿಂದಲೇ ತಳ್ಳುವುದು ಮುಖ್ಯ ಕಾರಣಗಳು. ಟ್ರ್ಯಾಕ್ಟರಿನ ಎಂಜಿನ್ ಓಡುತ್ತಿದ್ದರೆ ಒಂದು ಲಿವರ್ ತಗುಲಿದರೂ ಬ್ಲೇಡು ತಿರುಗುತ್ತದೆ. ಎತ್ತಿದ ಟ್ರೇಲರಿನ ಕೆಳಗೆ ಗಟ್ಟಿ ಆಸರೆ ಕೊಡದೆ ತಲೆ ಹಾಕಿ ರಿಪೇರಿ ಮಾಡುವುದು ಇನ್ನೊಂದು. ಹೈಡ್ರಾಲಿಕ್ ಪೈಪು ಒಡೆದರೆ ಇಡೀ ಡಬ್ಬ ಒಮ್ಮೆಗೇ ಕೆಳಗೆ ಬೀಳುತ್ತದೆ.

ಸಕ್ಕರೆ ಕಾರ್ಖಾನೆಯ ಅಳತೆಯೇ ಬೇರೆ. ಕಬ್ಬು ಹೊತ್ತು ತರುವ ಕ್ಯಾರಿಯರ್, ಅದನ್ನು ಚೂರು ಮಾಡುವ ಕತ್ತಿಗಳು, ಸಾಲು ಗಾಣಗಳು, ಸಿಪ್ಪೆ ಸಾಗಿಸುವ ಪಟ್ಟಿ, ಬಾಯ್ಲರು ಹೀಗೆ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಒಂದು ಕಡೆ ನಿಂತರೆ ಹಿಂದಿನದೆಲ್ಲ ನಿಲ್ಲುತ್ತದೆ, ಗೇಟಿನ ಹೊರಗೆ ಗಾಡಿಗಳು ಸಾಲುಗಟ್ಟುತ್ತವೆ. ಹಂಗಾಮಿನಲ್ಲಿ ಸಿಕ್ಕಿದ್ದನ್ನು ಬೇಗ ಕೀಳಬೇಕೆಂಬ ಒತ್ತಡ ಹುಟ್ಟುವುದು ಅಲ್ಲಿಂದ. ಗಾಣದ ರೋಲರು ನುಣುಪಾಗಿ ಕಬ್ಬು ಜಾರತೊಡಗಿದಾಗ ಅದು ತಿರುಗುತ್ತಿರುವಂತೆಯೇ ಅದರ ಮೇಲೆ ವೆಲ್ಡಿಂಗಿನಿಂದ ಒರಟು ಚುಕ್ಕೆ ಹಾಕುವ ಪದ್ಧತಿಯೂ ಉಂಟು. ಓಡುವ ಯಂತ್ರದ ಮೇಲೆ ಮಾಡಲೇಬೇಕಾದ ಕೆಲಸ ಕೆಲವು ಇವೆ ಎಂಬುದಕ್ಕೆ ಇದು ಸಾಕ್ಷಿ. ಇಂಥವು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಹಂಗಾಮು ಮುಗಿದ ಮೇಲಿನ ತಿಂಗಳುಗಳಲ್ಲಿ ಇಡೀ ಕಾರ್ಖಾನೆಯನ್ನು ಬಿಚ್ಚಿ ಕಟ್ಟುತ್ತಾರೆ. ಹಾಲು ಕುದಿಸುವ ಪಾತ್ರೆಗಳ ಕೊಳವೆಗಳಲ್ಲಿ ಗಟ್ಟಿಯಾದ ಪದರ ಕೆರೆಯುತ್ತಾರೆ, ಕಾಸ್ಟಿಕ್ ಸೋಡಾ ಹಾಕಿ ಕುದಿಸುತ್ತಾರೆ, ಟ್ಯಾಂಕುಗಳಿಗೆ ಇಳಿಯುತ್ತಾರೆ.

ಟ್ಯಾಂಕಿನ ಶುಚಿತ್ವದಲ್ಲಿ ಕೊಲ್ಲುವುದು ಗಾಳಿ. ಹುಳಿಯುವ ಕಾಕಂಬಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ, ಕೊಳೆತ ತ್ಯಾಜ್ಯ ನೀರು ಇನ್ನೂ ವಿಷದ ಅನಿಲಗಳನ್ನು ಬಿಡುತ್ತದೆ. 2022ರ ಏಪ್ರಿಲ್ 17ರಂದು ಮಂಗಳೂರಿನ ಬಜಪೆ ಬಳಿಯ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ತೊಟ್ಟಿಯ ಬಳಿ ನಡೆದ ದುರಂತದಲ್ಲಿ ಪಶ್ಚಿಮ ಬಂಗಾಳದಿಂದ ಬಂದಿದ್ದ 5 ಕಾರ್ಮಿಕರು ಸತ್ತರು. ಮೊದಲು ಬಿದ್ದವನನ್ನು ಎಳೆಯಲು ಉಳಿದವರು ಇಳಿದಿದ್ದರು. ಜೊತೆಗಾರನನ್ನು ಬಿಟ್ಟು ನಿಲ್ಲಲಾರದ ಮನಸ್ಸೇ ಒಂದು ಸಾವನ್ನು ಐದು ಮಾಡುತ್ತದೆ. ಅದಕ್ಕೇ ಮೇಲೆ ಹಗ್ಗ ಹಿಡಿದು ನಿಲ್ಲುವವನು, ಇಳಿಯುವ ಮೊದಲೇ ಗಾಳಿಯ ಪರೀಕ್ಷೆ, ಇಳಿದವನ ಸೊಂಟಕ್ಕೆ ಪಟ್ಟಿ ಎಂಬ ನಿಯಮಗಳು ಬಂದಿವೆ. ದೊಡ್ಡ ದುರಂತಗಳ ಬುಡದಲ್ಲೂ ಹಲವು ಸಲ ಶುಚಿತ್ವ, ದುರಸ್ತಿಗಳೇ ಕಾಣುತ್ತವೆ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 167 ಜನ ಸತ್ತದ್ದು, ದುರಸ್ತಿಗೆಂದು ವಾಲ್ವ್ ತೆಗೆದಿದ್ದ ಪಂಪನ್ನು ಮುಂದಿನ ಪಾಳಿಯವರು ಗೊತ್ತಿಲ್ಲದೆ ಚಾಲೂ ಮಾಡಿದ್ದರಿಂದ. 2017ರ ನವೆಂಬರ್ 1ರಂದು ಉತ್ತರ ಪ್ರದೇಶದ ಊಂಚಾಹಾರ್ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರಿನ ತಳದಲ್ಲಿ ಕಟ್ಟಿದ್ದ ಬೂದಿಯ ಗಟ್ಟಿಯನ್ನು ಬಾಯ್ಲರು ಉರಿಯುತ್ತಿರುವಾಗಲೇ ತೆಗೆಯುತ್ತಿದ್ದಾಗ ಸ್ಫೋಟವಾಗಿ 40ಕ್ಕೂ ಹೆಚ್ಚು ಜನ ತೀರಿಕೊಂಡರು.

ಇದಕ್ಕೆಲ್ಲ ಜಗತ್ತು ಕಂಡುಕೊಂಡಿರುವ ಉತ್ತರ ಬೀಗ ಮತ್ತು ಚೀಟಿ. ಅಮೆರಿಕದಲ್ಲಿ 1989ರಲ್ಲಿ ಹೊರಡಿಸಿದ ನಿಯಮದಂತೆ ಯಂತ್ರವನ್ನು ದುರಸ್ತಿ ಮಾಡುವ ಪ್ರತಿಯೊಬ್ಬನೂ ಶಕ್ತಿಯ ಮೂಲಕ್ಕೆ ತನ್ನದೇ ಬೀಗ ಹಾಕಬೇಕು, ತನ್ನ ಹೆಸರಿನ ಚೀಟಿ ತೂಗುಹಾಕಬೇಕು, ಬೀಗದ ಕೈಯನ್ನು ತನ್ನಲ್ಲೇ ಇಟ್ಟುಕೊಳ್ಳಬೇಕು. ನಾಲ್ವರು ಒಳಗಿದ್ದರೆ ನಾಲ್ಕು ಬೀಗ. ಕೊನೆಯ ಬೀಗ ತೆಗೆಯುವವರೆಗೆ ಯಂತ್ರ ಹೊರಡುವುದಿಲ್ಲ. ಈ ನಿಯಮ ವರ್ಷಕ್ಕೆ ಸುಮಾರು 120 ಸಾವು, 50,000 ಗಾಯಗಳನ್ನು ತಪ್ಪಿಸುತ್ತದೆಂದು ಅಲ್ಲಿನ ಸುರಕ್ಷತಾ ಇಲಾಖೆಯ ಅಂದಾಜು.

ಈ ಪದ್ಧತಿ ಮಳವಳ್ಳಿ ಸೀಮೆಗೆ ಹೊಸದೇನಲ್ಲ. 1902ರಲ್ಲಿ ಇದೇ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು, ಇವತ್ತು ಊರೂರಿನ ಲೈನ್‌ಮನ್‌ಗಳು ಕಂಬ ಹತ್ತುವ ಮೊದಲು ‘ಎಲ್‌ಸಿ’ ತೆಗೆದುಕೊಳ್ಳುತ್ತಾರೆ. ಲೈನ್ ಕ್ಲಿಯರ್ ಎಂಬ ಈ ಏರ್ಪಾಡಿನಲ್ಲಿ ಸಬ್‌ಸ್ಟೇಷನ್ನಿನವರು ಆ ಲೈನನ್ನು ಬೇರ್ಪಡಿಸಿ, ಯಾರು ಎಷ್ಟು ಹೊತ್ತಿಗೆ ಕೇಳಿದರೆಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಲೈನ್‌ಮನ್ ತಂತಿಗೆ ಅರ್ಥಿಂಗ್ ಕೊಟ್ಟು, ಉಳಿದ ವಿದ್ಯುತ್ತನ್ನು ನೆಲಕ್ಕಿಳಿಸಿ ಕೆಲಸ ಶುರು ಮಾಡುತ್ತಾನೆ. ಕೆಲಸ ಮುಗಿದ ಮೇಲೆ ಎಲ್‌ಸಿ ತೆಗೆದುಕೊಂಡವನೇ ಅದನ್ನು ಹಿಂದಿರುಗಿಸಬೇಕು. ಒಂದೇ ಲೈನಿನ ಮೇಲೆ ಇಬ್ಬರು ಎಲ್‌ಸಿ ಪಡೆದಿದ್ದರೆ ಇಬ್ಬರೂ ಹಿಂದಿರುಗಿಸುವವರೆಗೆ ಕರೆಂಟು ಬಿಡುವಂತಿಲ್ಲ. ಎಲ್‌ಸಿ ತೆಗೆದುಕೊಳ್ಳದೆ ಹತ್ತಿದಾಗ, ಯಾರದೋ ಮನೆಯ ಜನರೇಟರಿನಿಂದ ವಿದ್ಯುತ್ತು ಹಿಂದಕ್ಕೆ ಹರಿದಾಗ ಇಲ್ಲೂ ಜೀವಗಳು ಹೋಗುತ್ತವೆ, ಆದರೆ ನಿಯಮದ ತರ್ಕ ಗಟ್ಟಿ. ಅದೇ ತರ್ಕ ಕಂಬದಿಂದ ಇಳಿದು ಆಲೆಮನೆಗೆ ಬಂದಿಲ್ಲ.

ಬರಲು ದೊಡ್ಡ ಖರ್ಚೂ ಇಲ್ಲ. ಹಳೆಯ ಕಬ್ಬಿಣದ ಮೇನ್ ಸ್ವಿಚ್ಚಿನ ಫ್ಯೂಸುಗಳನ್ನು ಕಿತ್ತು ಕೈ ಹಾಕುವವನೇ ಜೇಬಿನಲ್ಲಿಟ್ಟುಕೊಂಡರೆ ಅದೇ ಅವನ ಎಲ್‌ಸಿ. ಸ್ವಿಚ್ಚಿನ ಹಿಡಿಯಲ್ಲಿ ತೂತಿದ್ದರೆ ಒಂದು ಸಣ್ಣ ಬೀಗ ಸಾಕು. ಡೀಸೆಲ್ ಎಂಜಿನ್ ಆದರೆ ನಿಲ್ಲಿಸಿ ಬೆಲ್ಟ್ ಇಳಿಸುವುದು, ಟ್ರ್ಯಾಕ್ಟರ್ ಆದರೆ ಕೀ ತೆಗೆದುಕೊಂಡು ಇಳಿಯುವುದು. ಆಮೇಲೆ ಒಮ್ಮೆ ಗುಂಡಿ ಒತ್ತಿ ಯಂತ್ರ ಹೊರಡುವುದಿಲ್ಲವೆಂದು ನೋಡಿಕೊಳ್ಳುವುದು. ಎಷ್ಟೋ ಜನ ಮರೆಯುವ ಹೆಜ್ಜೆ ಇದು.

ಕಾನೂನಿನ ಮಾತು ಇಲ್ಲಿ ಸ್ವಲ್ಪ ನೋವಿನದು. 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಕಲಂ ಚಲಿಸುವ ಭಾಗಗಳಿಗೆ ಬೇಲಿ ಹಾಕಬೇಕೆಂದಿತು. 22ನೇ ಕಲಂ ಚಲಿಸುತ್ತಿರುವ ಯಂತ್ರವನ್ನು ಪರೀಕ್ಷಿಸಲು, ಎಣ್ಣೆ ಹಾಕಲು ವಿಶೇಷ ತರಬೇತಿ ಪಡೆದ, ಮೈಗೆ ಅಂಟುವ ಉಡುಪು ತೊಟ್ಟ ವಯಸ್ಕ ಗಂಡಸರಿಗೆ ಮಾತ್ರ ಅವಕಾಶ ಕೊಟ್ಟಿತು. ಹೆಂಗಸರೂ ಎಳೆಯರೂ ಓಡುವ ಯಂತ್ರದ ಭಾಗಗಳನ್ನು ಶುಚಿ ಮಾಡಕೂಡದೆಂದಿತು. ಆದರೆ ಆ ಕಾಯ್ದೆ ವಿದ್ಯುತ್ ಬಳಸುವ ಕಡೆ 10 ಜನರಿದ್ದರೆ ಅನ್ವಯವಾಗುತ್ತಿತ್ತು. ಅದರ ಜಾಗಕ್ಕೆ ಬಂದು 2025ರ ನವೆಂಬರ್ 21ರಿಂದ ಜಾರಿಯಾದ ಔದ್ಯೋಗಿಕ ಸುರಕ್ಷತಾ ಸಂಹಿತೆ ಕಾರ್ಖಾನೆ ಎನ್ನಲು ಬೇಕಾದ ತಲೆಗಳ ಸಂಖ್ಯೆಯನ್ನು 20ಕ್ಕೆ ಏರಿಸಿದೆ. ಗಾಣದ ರೋಲರು ತಲೆ ಎಣಿಸಿ ಕಚ್ಚುವುದಿಲ್ಲ. ಎಂಟು ಜನರ ಆಲೆಮನೆ, ಮೂವರ ಮಿಲ್ಲು ಇಂಥ ಕಾನೂನಿನ ಕಣ್ಣಿಗೆ ಬೀಳದೆ ಉಳಿಯುವುದು ಈ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೊರತೆ. ಒಕ್ಕಣೆ ಯಂತ್ರಗಳಿಗಾಗಿ 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನೇ ಮಾಡಿತ್ತು. ತಲೆ ಬಿಟ್ಟು ಯಂತ್ರವನ್ನೇ ಹಿಡಿದ ಆ ದಾರಿ ಗಾಣಕ್ಕೂ ಮೇವಿನ ಯಂತ್ರಕ್ಕೂ ಸರಿಯಾದದ್ದು.

ಕೈ ಸಿಕ್ಕಿಕೊಂಡಾಗ ಮಾಡಬೇಕಾದ್ದು: ಮೇನ್ ಆಫ್ ಮಾಡಿ, ರೋಲರಿನ ಒತ್ತಡದ ಬೋಲ್ಟುಗಳನ್ನು ಸಡಿಲಿಸಿ ಬಿಡಿಸುವುದು. ಹಿಮ್ಮುಖ ತಿರುಗಿಸಿದರೆ ಜಜ್ಜಿದ ಕೈ ಇನ್ನೊಮ್ಮೆ ಜಜ್ಜುತ್ತದೆ. ತುಂಡಾದ ಬೆರಳನ್ನು ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿಡಬೇಕು. ಮಂಜುಗಡ್ಡೆ ನೇರವಾಗಿ ತಾಗಿದರೆ ಬೆರಳು ಕೆಡುತ್ತದೆ. ಮೇವಿನ ಕತ್ತಿಯಿಂದ ನೀಟಾಗಿ ಕತ್ತರಿಸಿದ ಬೆರಳನ್ನು ಮತ್ತೆ ಜೋಡಿಸುವ ಸಾಧ್ಯತೆ ಇರುತ್ತದೆ, ಗಾಣ ಜಜ್ಜಿದ್ದಕ್ಕೆ ಕಡಿಮೆ. ಕಿರುಗಾವಲಿನವರು ಬನ್ನೂರು ದಾರಿಯಲ್ಲಿ ಮೈಸೂರಿಗೆ ಹೋಗುವಾಗ ಹೊತ್ತು ಅಮೂಲ್ಯ.

ಪರಿಹಾರದ ವಿಷಯದಲ್ಲಿ ಕಾನೂನು ಉದಾರವಾಗಿದೆ, ತಿಳಿದವರು ಕಡಿಮೆ. 1923ರ ನೌಕರರ ಪರಿಹಾರ ಕಾಯ್ದೆ, ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿರುವಂಥದ್ದು, ವಿದ್ಯುತ್ ಬಳಸಿ ಸರಕು ತಯಾರಿಸುವ ಸಣ್ಣ ಜಾಗಗಳಿಗೂ, ಯಂತ್ರದಿಂದ ಮಾಡುವ ಬೇಸಾಯಕ್ಕೂ ಅನ್ವಯವಾಗುತ್ತದೆ. ಒಂದು ಕೈಯ ನಾಲ್ಕು ಬೆರಳು ಹೋದರೆ ದುಡಿಮೆಯ ಶಕ್ತಿ ಶೇ. 50, ಹೆಬ್ಬೆರಳು ಹೋದರೆ ಶೇ. 30, ತೋರುಬೆರಳು ಪೂರ್ತಿ ಹೋದರೆ ಶೇ. 14 ನಷ್ಟವೆಂದು ಅದರ ಪಟ್ಟಿ ಹೇಳುತ್ತದೆ. 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳದ ಮಿತಿ 15,000 ರೂಪಾಯಿ. ಅಷ್ಟು ಸಂಬಳದ 30 ವರ್ಷದ ಕೂಲಿಯೊಬ್ಬನಿಗೆ ನಾಲ್ಕು ಬೆರಳು ಹೋದರೆ, ಸಂಬಳದ ಶೇ. 60 ಆದ 9,000ವನ್ನು ಆ ವಯಸ್ಸಿನ ಗುಣಕ 207.98ರಿಂದ ಗುಣಿಸಿ ಅರ್ಧ ಮಾಡಬೇಕು. ಬರುವ ಮೊತ್ತ 9,35,910 ರೂಪಾಯಿ. ಕೂಲಿಯವನು ಅಜಾಗರೂಕನಾಗಿದ್ದ ಎಂಬ ಒಂದೇ ಮಾತು ಮಾಲೀಕನನ್ನು ಬಿಡಿಸುವುದಿಲ್ಲ. ಕುಡಿದಿದ್ದ, ಸುರಕ್ಷತೆಯ ಸ್ಪಷ್ಟ ಆಜ್ಞೆಯನ್ನು ಬೇಕೆಂದೇ ಮೀರಿದ, ಕಾಪು ಮುಚ್ಚಳವನ್ನು ಬೇಕೆಂದೇ ತೆಗೆದ ಎಂದು ತೋರಿಸಬೇಕು, ಅದೂ ಸಾವು ಅಥವಾ ಪೂರ್ಣ ಅಂಗವೈಕಲ್ಯವಲ್ಲದ ಗಾಯಗಳಿಗೆ ಮಾತ್ರ. ಮುಚ್ಚಳವನ್ನೇ ಹಾಕಿಸದ ಗಾಣದ ಮಾಲೀಕನಿಗೆ ಆ ವಾದ ದಕ್ಕುವುದಿಲ್ಲ. ತೊಡಕಾಗುವುದು ದಾಖಲೆಯಲ್ಲಿ. ಉತ್ತರ ಪ್ರದೇಶ, ಬಿಹಾರಗಳಿಂದ ಹಂಗಾಮಿಗೆ ಬಂದು ಕೊಪ್ಪರಿಗೆಯ ಪಕ್ಕದಲ್ಲೇ ಮಲಗುವ ಆಲೆಮನೆಯ ಕೂಲಿಗೆ ಹಾಜರಿ ಪುಸ್ತಕವೂ ಇಲ್ಲ, ಸಂಬಳದ ಚೀಟಿಯೂ ಇಲ್ಲ. ಆಸ್ಪತ್ರೆಗೆ ಸೇರಿಸುವಾಗ ಬರೆಸುವ ಮೊದಲ ಹೇಳಿಕೆಯಲ್ಲಿ ಯಂತ್ರದ ಹೆಸರು, ಜಾಗ, ಕೆಲಸಕ್ಕೆ ಹಚ್ಚಿದವರ ಹೆಸರು ಇರುವಂತೆ ನೋಡಿಕೊಂಡರೆ ಮುಂದಿನ ಅರ್ಜಿಗೆ ಅದೊಂದೇ ಆಧಾರವಾಗುವ ಸಂದರ್ಭಗಳು ಇರುತ್ತವೆ.